ರಬ್ಬರ್ ಕಪ್ಲಿಂಗ್ ತೆಗೆದು ಸಿ.ವಿ. ಜಾಯಿಂಟ್ ಹಾಕಿಸಬಹುದೇ?

ಪ್ರಶ್ನೆ

ನಮಸ್ಕಾರ ಸರ್. ನನ್ನ ಬಳಿ 1960ರ ದಶಕದ ಲೋಟಸ್ ಎಲಾನ್ ಸ್ಪೋರ್ಟ್ಸ್ ಕಾರಿದೆ. ಡಿಫರೆನ್ಷಿಯಲ್‌ನಿಂದ (ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯಿಂದ) ಹಿಂದಿನ ಚಕ್ರಗಳಿಗೆ ಹೋಗುವ ಎರಡು ಡ್ರೈವ್‌ಶಾಫ್ಟ್‌ಗಳ ಎರಡೂ ತುದಿಗಳಲ್ಲಿ, ಅಂದರೆ ಒಟ್ಟು ನಾಲ್ಕು ಕಡೆ, ಆರು ಮೂಲೆಯ ರಬ್ಬರ್ ಕಪ್ಲಿಂಗ್‌ಗಳಿವೆ. ಅವುಗಳಲ್ಲಿ ಒಂದರ ರಬ್ಬರು ಬೋಲ್ಟ್ ತೂರುವ ಲೋಹದ ಬುಷ್‌ನ ಪಕ್ಕದಲ್ಲೇ ಸೀಳಿದೆ. ಅದಲ್ಲದೆ, ನಿಂತಲ್ಲಿಂದ ಹೊರಡುವಾಗ ಮತ್ತು ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ಒತ್ತುವಾಗ ಕಾರು ಜೋಕಾಲಿಯಂತೆ ಹಿಂದೆ ಮುಂದೆ ತೂಗುತ್ತದೆ. ಅದೇ ಬಗೆಯ ರಬ್ಬರನ್ನು ಮತ್ತೆ ಹಾಕಿಸಬೇಕೋ, ಯೂನಿವರ್ಸಲ್ ಜಾಯಿಂಟ್ (ಕ್ರಾಸ್ ಜಾಯಿಂಟ್) ಮತ್ತು ಜಾರುವ ಸ್ಪ್ಲೈನ್ (ಒಂದರೊಳಗೊಂದು ಜಾರುವ ಹಲ್ಲುಗಳ ಜೋಡಣೆ) ಇರುವ ಶಾಫ್ಟ್ ಹಾಕಿಸಬೇಕೋ, ಇಲ್ಲವೇ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಜಾಯಿಂಟ್‌ಗೆ ಹೋಗಬೇಕೋ ತಿಳಿಯುತ್ತಿಲ್ಲ. ಕಾರನ್ನು ರಸ್ತೆಯಲ್ಲಷ್ಟೇ ಓಡಿಸುತ್ತೇನೆ, ಆಗಾಗ ಜೋರಾಗಿ. ಎಂಜಿನ್ ಮೂಲದಲ್ಲಿ ಇದ್ದಂತೆಯೇ ಇದೆ.

ಉತ್ತರ

ನಮಸ್ಕಾರ. ಯಾವುದನ್ನು ಹಾಕಿಸಬೇಕೆಂಬ ಪ್ರಶ್ನೆಗೆ ಆಮೇಲೆ ಬರೋಣ, ಮೊದಲು ಕಾರನ್ನು ನಿಲ್ಲಿಸಿ. ರಬ್ಬರಿನ ಮೇಲ್ಮೈಯಲ್ಲಿ ಕಾಣುವ ಕೂದಲೆಳೆಯ ಬಿರುಕುಗಳು ವಯಸ್ಸಿನ ಗುರುತು, ಅವುಗಳನ್ನು ಗಮನಿಸುತ್ತಾ ಸ್ವಲ್ಪ ಕಾಲ ಓಡಿಸಬಹುದು. ಆದರೆ ಬುಷ್‌ನ ಪಕ್ಕದಲ್ಲಿ ಸೀಳಿದೆ ಎಂದರೆ ಲೋಹಕ್ಕೂ ರಬ್ಬರಿಗೂ ಇದ್ದ ಅಂಟು ಬಿಡುತ್ತಿದೆ ಎಂದೇ ಅರ್ಥ, ಅದು ಪೂರ್ತಿ ಬಿಟ್ಟುಹೋಗಲು ಒಂದು ಜೋರಾದ ಹೊರಡುವಿಕೆ ಸಾಕು. ಒಂದು ತುದಿ ಕಳಚಿಕೊಂಡ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಪಕ್ಕದ ಚಾಸಿಗೂ ಬ್ರೇಕ್ ಪೈಪಿಗೂ ಬಡಿಯುತ್ತದೆ.

ಈಗ ಆಯ್ಕೆಯ ವಿಚಾರ. ಈ ರಬ್ಬರ್ ತುಂಡು ಏನೇನು ಕೆಲಸ ಮಾಡುತ್ತಿದೆ ಎಂಬುದನ್ನು ಲೆಕ್ಕ ಹಾಕದೆ ಅದನ್ನು ತೆಗೆದುಹಾಕುವವರೇ ಹೆಚ್ಚು. ಅದು ಟಾರ್ಕ್ (ತಿರುಗಿಸುವ ಬಲ) ಸಾಗಿಸುತ್ತದೆ, ಸಸ್ಪೆನ್ಷನ್ ಮೇಲೆ ಕೆಳಗೆ ಆಡಿದಾಗ ಶಾಫ್ಟ್ ಓರೆಯಾಗಲು ಬಿಡುತ್ತದೆ, ಅದೇ ಚಲನೆಯಲ್ಲಿ ಡಿಫರೆನ್ಷಿಯಲ್‌ಗೂ ಚಕ್ರಕ್ಕೂ ನಡುವಿನ ಅಂತರ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುವುದನ್ನೂ ತಾನೇ ನುಂಗಿಕೊಳ್ಳುತ್ತದೆ. ಇವುಗಳ ಜೊತೆಗೆ, ಕ್ಲಚ್ ಹಿಡಿಯುವ ಕ್ಷಣದ ಹೊಡೆತವನ್ನು ತಿರುಚಿಕೊಂಡು ತಗ್ಗಿಸುತ್ತದೆ. ನಿಮಗೆ ಬೇಸರ ತರಿಸಿರುವ ತೂಗಾಟ ಈ ಕೊನೆಯ ಗುಣದ ಇನ್ನೊಂದು ಮುಖ. ರಬ್ಬರು ಮೊದಲು ತಿರುಚಿಕೊಳ್ಳುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ, ಆ ನಡುವೆ ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಅಲುಗಿದರೆ ತೂಗಾಟ ಇನ್ನಷ್ಟು ಬೆಳೆಯುತ್ತದೆ. ಆದರೂ ಅಷ್ಟು ದೋಷವನ್ನೂ ರಬ್ಬರಿನ ತಲೆಗೆ ಕಟ್ಟಬೇಡಿ. ಡಿಫರೆನ್ಷಿಯಲ್ ಕೂರುವ ರಬ್ಬರ್ ಮೌಂಟ್‌ಗಳು ಸಡಿಲವಾಗಿದ್ದರೂ, ಕಾರ್ಬ್ಯುರೇಟರ್ ಸರಿಯಾಗಿ ಹೊಂದಿಸಿಲ್ಲದಿದ್ದರೂ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ.

ಹೊರೆ ಎಷ್ಟೆಂಬುದನ್ನೂ ನೋಡಿ. 1558 ಸಿಸಿಯ ನಿಮ್ಮ ಎಂಜಿನ್ನಿನ ಟಾರ್ಕ್ ಸುಮಾರು 145 ನ್ಯೂಟನ್ ಮೀಟರ್. ಮೊದಲ ಗೇರಿನ ಅನುಪಾತ 3, ಡಿಫರೆನ್ಷಿಯಲ್‌ನದು 3.9 ಎಂದು ಹಿಡಿದರೆ ಡಿಫರೆನ್ಷಿಯಲ್‌ನಿಂದ ಹೊರಬರುವುದು ಸುಮಾರು 1,700 ನ್ಯೂಟನ್ ಮೀಟರ್, ಅಂದರೆ ಪ್ರತಿ ಬದಿಯ ಶಾಫ್ಟ್‌ಗೆ 850. ಗೇರ್‌ಬಾಕ್ಸ್‌ನ ಹಿಂದಿರುವ ಪ್ರೊಪೆಲ್ಲರ್ ಶಾಫ್ಟ್‌ಗೆ ಬೀಳುವುದು ಇದರ ಅರ್ಧದಷ್ಟೇ, 435. ಎಷ್ಟೋ ಕಾರುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್‌ನ ರಬ್ಬರ್ ಡಿಸ್ಕ್ ವರ್ಷಗಟ್ಟಲೆ ಬಾಳುವಾಗ ನಿಮ್ಮವು ಬೇಗ ಸೋಲಲು ಇದೊಂದು ಕಾರಣ. ಕ್ಲಚ್ಚನ್ನು ಫಕ್ಕನೆ ಬಿಟ್ಟಾಗ ಫ್ಲೈವೀಲ್‌ನ ವೇಗವೂ ಸೇರಿಕೊಂಡು ಈ ಲೆಕ್ಕವನ್ನು ಮೀರಿದ ಹೊಡೆತ ಬೀಳುತ್ತದೆ.

ಯೂನಿವರ್ಸಲ್ ಜಾಯಿಂಟ್‌ನ ಶಾಫ್ಟ್ ಗಟ್ಟಿಮುಟ್ಟಾದದ್ದು, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ, ಆದರೂ ನಿಮ್ಮ ಕಾರಿಗೆ ಅದನ್ನು ನಾನು ಹೇಳುವುದಿಲ್ಲ. ಓರೆಯಾಗಿ ತಿರುಗುವ ಒಂದು ಕ್ರಾಸ್ ಜಾಯಿಂಟ್ ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಓರೆ 10 ಡಿಗ್ರಿ ಇದ್ದಾಗ ಈ ಏರಿಳಿತ ಸರಾಸರಿಯಿಂದ ಮೇಲಕ್ಕೂ ಕೆಳಕ್ಕೂ ಶೇಕಡಾ 1.5ರಷ್ಟು, 20 ಡಿಗ್ರಿಯಲ್ಲಿ ಶೇಕಡಾ 6ರಷ್ಟು. ಎರಡು ತುದಿಯ ಕ್ರಾಸ್‌ಗಳನ್ನು ಒಂದೇ ಹೊಂದಾಣಿಕೆಯಲ್ಲಿ ಕೂರಿಸಿ, ಎರಡೂ ಕಡೆಯ ಓರೆ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಚಕ್ರದ ವಾಲಿಕೆ ಸಸ್ಪೆನ್ಷನ್ ಜೊತೆಗೆ ಬದಲಾಗುವ ಕಾರಿನಲ್ಲಿ ಆ ಸಮತೆ ಎಲ್ಲ ಸ್ಥಾನಗಳಲ್ಲೂ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಸ್ಪ್ಲೈನ್‌ನದು. ಟಾರ್ಕ್ ಬಿದ್ದಾಗ ಅದರ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಜಾರಲು ಒಪ್ಪುವುದಿಲ್ಲ, ತಿರುವಿನಿಂದ ವೇಗ ಹೆಚ್ಚಿಸಿ ಹೊರಬರುವಾಗ ಸಸ್ಪೆನ್ಷನ್ ಅಷ್ಟು ಹೊತ್ತು ಬಿಗಿದುಕೊಳ್ಳುತ್ತದೆ. ಈ ಕಾರನ್ನು ಜನ ಮೆಚ್ಚಿದ್ದೇ ಅದರ ಮೆದುವಾದ ಸಸ್ಪೆನ್ಷನ್ನಿಗಾಗಿ, ಅದನ್ನೇ ಕಳೆದುಕೊಂಡರೆ ಉಳಿಯುವುದೇನು?

ಸಿ.ವಿ. ಜಾಯಿಂಟ್ ಓರೆಯಲ್ಲೂ ವೇಗವನ್ನು ಸಮನಾಗಿ ಸಾಗಿಸುತ್ತದೆ, ಒಳತುದಿಗೆ ಜಾರುವ ಬಗೆಯದನ್ನು ಹಾಕಿದರೆ ಅಂತರದ ಹಿಗ್ಗು ಕುಗ್ಗನ್ನು ಅದರ ಗುಂಡುಗಳು ಉರುಳುತ್ತಾ ಸುಲಭವಾಗಿ ತೆಗೆದುಕೊಳ್ಳುತ್ತವೆ. ಮೊದಲ ಮೂರು ಕೆಲಸಗಳನ್ನು ಅದು ರಬ್ಬರಿಗಿಂತ ಚೆನ್ನಾಗಿ ಮಾಡುತ್ತದೆ, ನಾಲ್ಕನೆಯದನ್ನು ಮಾಡುವುದೇ ಇಲ್ಲ. ರಬ್ಬರು ನುಂಗುತ್ತಿದ್ದ ಹೊಡೆತ ಆಗ ನೇರವಾಗಿ ಡಿಫರೆನ್ಷಿಯಲ್‌ನ ಔಟ್‌ಪುಟ್ ಶಾಫ್ಟ್‌ಗಳಿಗೂ ಹಬ್‌ನ ಸ್ಟಬ್ ಶಾಫ್ಟ್‌ಗಳಿಗೂ ಹೋಗುತ್ತದೆ. ಅವು ರಬ್ಬರ್ ಜೊತೆಗಿರುತ್ತದೆಂದು ಎಣಿಸಿ ಮಾಡಿದ ಭಾಗಗಳು, ಈಗ ಅರ್ಧ ಶತಮಾನ ಮೀರಿ ದುಡಿದಿವೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ಸಿ.ವಿ.ಗೆ ಹೋಗಿ, ಆದರೆ ಆ ಶಾಫ್ಟ್‌ಗಳನ್ನು ಹೊರತೆಗೆದು ಡೈ ಪೆನೆಟ್ರೆಂಟ್ ಪರೀಕ್ಷೆಯಲ್ಲಿ ಬಿರುಕು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಸಾಧ್ಯವಾದರೆ ಬಲವಾದ ಉಕ್ಕಿನವನ್ನು ಹಾಕಿಸಿದ ಮೇಲೆ. ಅಷ್ಟು ಕೆಲಸಕ್ಕೆ ಈಗ ಕೈಹಾಕುವುದಿಲ್ಲ ಎಂದಾದರೆ ಉತ್ತಮ ಗುಣಮಟ್ಟದ ಹೊಸ ರಬ್ಬರನ್ನೇ ಹಾಕಿಸಿ. ಮೂಲ ಶಕ್ತಿಯ ಎಂಜಿನ್ನಿಗೆ ಅದು ಸಾಲುತ್ತದೆ.

ಮರುಪ್ರಶ್ನೆ

ಧನ್ಯವಾದಗಳು ಸರ್. ಸಿ.ವಿ. ಶಾಫ್ಟ್ ತರಿಸುವ ಮುನ್ನ ನಾನು ಅಳೆದುಕೊಳ್ಳಬೇಕಾದದ್ದು ಏನಾದರೂ ಇದೆಯೇ? ಹೇಗಿದ್ದರೂ ನೇರವಾಗಿ ಕೂರುತ್ತದೆ ಎಂದು ಮಾರುವವರು ಹೇಳುತ್ತಾರೆ.

ಉತ್ತರ

ಫ್ಲೇಂಜ್‌ಗೆ ಬೋಲ್ಟ್ ಕೂತ ಮಾತ್ರಕ್ಕೆ ಶಾಫ್ಟ್ ಹೊಂದಿತು ಎಂದಾಗುವುದಿಲ್ಲ. ಹಿಂದಿನ ಸ್ಪ್ರಿಂಗ್ ತೆಗೆಸಿ, ಡ್ಯಾಂಪರನ್ನು (ಶಾಕ್ ಅಬ್ಸಾರ್ಬರನ್ನು) ಮಾತ್ರ ಅದರ ಜಾಗದಲ್ಲಿ ಇಟ್ಟು, ಚಕ್ರವನ್ನು ಜಾಕ್‌ನಿಂದ ಪೂರ್ತಿ ಮೇಲಿನಿಂದ ಪೂರ್ತಿ ಕೆಳಗಿನವರೆಗೆ ಹಂತಹಂತವಾಗಿ ಆಡಿಸಿ. ಪ್ರತಿ ಹಂತದಲ್ಲೂ ಒಳ ಫ್ಲೇಂಜ್‌ನಿಂದ ಹೊರ ಫ್ಲೇಂಜ್‌ಗೆ ಇರುವ ದೂರವನ್ನು ಬರೆದುಕೊಳ್ಳಿ. ಅತಿ ಕಡಿಮೆ ದೂರದಲ್ಲಿ ಜಾಯಿಂಟ್ ತಳ ಮುಟ್ಟಬಾರದು, ಅತಿ ಹೆಚ್ಚು ದೂರದಲ್ಲಿ ಗುಂಡುಗಳು ತಮ್ಮ ಹಾದಿಯ ಅಂಚಿಗೆ ಬರಬಾರದು. ಎರಡೂ ಕಡೆ ಕೆಲವು ಮಿಲಿಮೀಟರ್ ಮಿಗುವಂತಿರಬೇಕು. ತಳ ಮುಟ್ಟುವ ಶಾಫ್ಟ್ ಮೊದಲ ದೊಡ್ಡ ಗುಂಡಿಯಲ್ಲೇ ಡಿಫರೆನ್ಷಿಯಲ್‌ನ ಬೇರಿಂಗ್‌ಗೆ ಗುದ್ದುತ್ತದೆ.

ಓರೆಯ ಮಿತಿ ಎರಡನೆಯದು. ಹೊರತುದಿಗೆ ಹಾಕುವ ಸ್ಥಿರ ಬಗೆಯ ಜಾಯಿಂಟ್ ಸುಮಾರು 45 ಡಿಗ್ರಿವರೆಗೂ ಬಾಗಬಲ್ಲದು. ಜಾರುವ ಬಗೆಯದಕ್ಕೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿಯೇ ಗಡಿ. ಓಡುವಾಗ ಆ ಗಡಿ ಮುಟ್ಟುವುದಿಲ್ಲ, ಕಾರನ್ನು ಜಾಕ್ ಮೇಲೆ ಎತ್ತಿ ಚಕ್ರ ನೇತಾಡಿದಾಗ ಅದರ ಹತ್ತಿರ ಹೋಗಬಹುದು. ಹಾಗೆ ಆಗುತ್ತಿದ್ದರೆ ಡ್ಯಾಂಪರ್‌ನ ಬಿಚ್ಚುವ ಉದ್ದಕ್ಕೆ ತಡೆ ಹಾಕಿಸಿ. ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಎಲ್ಲ ಸ್ಥಾನಗಳಲ್ಲೂ ಚಾಸಿಗೆ ಉಜ್ಜದಂತೆ, ಸೈಲೆನ್ಸರ್ ಪೈಪಿನಿಂದ ದೂರ ಉಳಿಯುವಂತೆ ನೋಡಿಕೊಳ್ಳಿ. ಗ್ರೀಸ್ ಮಾಲಿಬ್ಡಿನಮ್ ಡೈಸಲ್ಫೈಡ್ ಸೇರಿದ ಸಿ.ವಿ. ಗ್ರೀಸೇ ಆಗಿರಲಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ

ಸರ್, ನನ್ನದು ಜಾಗ್ವಾರ್ ಇ-ಟೈಪ್. ಇದೇ ರೀತಿಯ ಸಿ.ವಿ. ಶಾಫ್ಟ್‌ಗಳನ್ನು ನಾನೂ ಹಾಕಿಸಬಹುದೇ?

ಉತ್ತರ

ಬೇಡ. ಎಲಾನ್‌ನಲ್ಲಿ ಚಕ್ರವನ್ನು ಹಿಡಿದಿಡುವುದು ಸ್ಟ್ರಟ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಇರುವ ಕಂಬ) ಮತ್ತು ಕೆಳಗಿನ ವಿಶ್‌ಬೋನ್ ಎಂಬ ತೋಳು, ಶಾಫ್ಟ್‌ಗೆ ತಿರುಗುವುದೊಂದೇ ಕೆಲಸ. 1961ರಲ್ಲಿ ಬಂದ ಇ-ಟೈಪ್‌ನ ಹಿಂದಿನ ಸಸ್ಪೆನ್ಷನ್‌ನಲ್ಲಿ ಯೂನಿವರ್ಸಲ್ ಜಾಯಿಂಟ್ ಇರುವ ಆ ಶಾಫ್ಟೇ ಮೇಲಿನ ತೋಳಾಗಿಯೂ ದುಡಿಯುತ್ತದೆ, ಅದಕ್ಕಾಗಿಯೇ ಅದರ ಉದ್ದ ಬದಲಾಗುವುದಿಲ್ಲ. ಅಲ್ಲಿ ಜಾರುವ ಜಾಯಿಂಟ್ ಕೂರಿಸಿದರೆ ಚಕ್ರದ ಮೇಲ್ಭಾಗವನ್ನು ಹಿಡಿಯುವವರೇ ಇಲ್ಲದಂತಾಗಿ ಅದು ವಾಲಿಬಿಡುತ್ತದೆ. ಒಳ್ಳೆಯ ಕ್ರಾಸ್‌ಗಳನ್ನು ಹಾಕಿಸಿ, ಕಾಲಕಾಲಕ್ಕೆ ಗ್ರೀಸ್ ಹಾಕಿಸಿ, ಅಷ್ಟೇ.

ಮತ್ತೊಬ್ಬ ಸದಸ್ಯರ ಪ್ರಶ್ನೆ

ನಮ್ಮದು ಟ್ರಯಂಫ್ ಜಿ.ಟಿ.6 ಮಾರ್ಕ್ 2, ಪ್ರತಿ ಬದಿಗೂ ಒಂದೊಂದು ರಬ್ಬರ್ ಕಪ್ಲಿಂಗ್ ಇದೆ. ನಾನು ರಬ್ಬರನ್ನೇ ಉಳಿಸಿಕೊಳ್ಳುವವನು. ಹೊಸದನ್ನು ಕೂರಿಸುವಾಗ ಎಚ್ಚರ ವಹಿಸಬೇಕಾದ ಅಂಶಗಳನ್ನು ದಯವಿಟ್ಟು ತಿಳಿಸಿ.

ಉತ್ತರ

ಹೊಸ ಕಪ್ಲಿಂಗ್ ಸುತ್ತ ಒಂದು ಉಕ್ಕಿನ ಪಟ್ಟಿ ಬಿಗಿದು ಬಂದಿರುತ್ತದೆ. ಅದನ್ನು ಪ್ಯಾಕಿಂಗ್ ಎಂದು ತಿಳಿದು ಮೊದಲೇ ಕತ್ತರಿಸುವವರಿದ್ದಾರೆ. ರಬ್ಬರು ಒತ್ತಡವನ್ನು ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳುವುದಿಲ್ಲ. ಆ ಪಟ್ಟಿ ಇಡೀ ತುಂಡನ್ನು ಒಳಮುಖವಾಗಿ ಅದುಮಿ ಹಿಡಿದಿರುತ್ತದೆ, ಆರೂ ಬೋಲ್ಟ್‌ಗಳು ಬಿಗಿಯಾದ ಮೇಲೆ ಕತ್ತರಿಸಿದರೆ ಆ ಅದುಮು ಬೋಲ್ಟ್‌ಗಳ ನಡುವೆ ಹಾಗೆಯೇ ಉಳಿಯುತ್ತದೆ. ಮೊದಲೇ ಕತ್ತರಿಸಿಬಿಟ್ಟಿದ್ದರೆ ದೊಡ್ಡದೊಂದು ಹೋಸ್ ಕ್ಲಿಪ್ ಸುತ್ತಿ, ಬೋಲ್ಟ್ ತೂತುಗಳು ಹೊಂದುವವರೆಗೆ ಬಿಗಿಯಿರಿ.

ಬಿಗಿಯುವಾಗ ಬೋಲ್ಟ್‌ನ ತಲೆಯನ್ನು ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಬುಷ್ ಕೂಡ ತಿರುಗಿ, ರಬ್ಬರು ತಿರುಚಿದ ಸ್ಥಿತಿಯಲ್ಲೇ ಲಾಕ್ ಆಗುತ್ತದೆ. ಬೇಗ ಸೀಳುವ ಕಪ್ಲಿಂಗ್‌ಗಳಲ್ಲಿ ಇದರ ಪಾಲು ದೊಡ್ಡದು ಎಂಬುದು ನನ್ನ ಅನಿಸಿಕೆ. ಲಾಕ್ ನಟ್‌ಗಳನ್ನು ಮತ್ತೆ ಬಳಸಬೇಡಿ. ಬೋಲ್ಟ್‌ನ ನುಣುಪಾದ ಭಾಗ ಬುಷ್‌ನೊಳಗೆ ಪೂರ್ತಿ ಇರುವಷ್ಟು ಉದ್ದದ್ದನ್ನೇ ಹಾಕಿಸಿ, ಥ್ರೆಡ್ ಇರುವ ಭಾಗದ ಮೇಲೆ ಭಾರ ಬಿದ್ದರೆ ಬೋಲ್ಟ್ ಅಲ್ಲೇ ಮುರಿಯುತ್ತದೆ.

ಕಾರನ್ನು ಬಹುಕಾಲ ನಿಲ್ಲಿಸುವುದಿದ್ದರೆ ಹಿಂದಿನ ಚಕ್ರಗಳು ನೇತಾಡುವಂತೆ ಸ್ಟ್ಯಾಂಡ್ ಮೇಲೆ ಬಿಡಬೇಡಿ, ಆ ಸ್ಥಿತಿಯಲ್ಲಿ ಕಪ್ಲಿಂಗ್ ಅತಿ ಹೆಚ್ಚು ಬಾಗಿರುತ್ತದೆ. ಎಣ್ಣೆ ಸೋರಿಕೆ ಇದ್ದರೆ ಮೊದಲು ಸೋರುತ್ತಿರುವ ಸೀಲ್ ಬದಲಾಯಿಸಿ, ಆಮೇಲೆ ಹೊಸ ರಬ್ಬರ್ ಕೂರಿಸಿ.