ಅಪ್ಪನ ಕರುಳಿನ ಜೋಡಣೆ ಸೋರುತ್ತಿದೆ, ಇದನ್ನು ದಾಟಿ ಬಂದವರು ಇದ್ದೀರಾ?

ಕೇಳಿದವರು:
ನನ್ನ ಅಪ್ಪನಿಗೆ 61 ವರ್ಷ, ಗುದನಾಳದ ಕ್ಯಾನ್ಸರ್. ಮೊದಲು ರೇಡಿಯೇಷನ್ ಕೊಟ್ಟರು. ಆಮೇಲೆ ಆಪರೇಷನ್ ಮಾಡಿ ಗಡ್ಡೆ ಇದ್ದ ಭಾಗ ತೆಗೆದು, ಮೇಲಿನ ಕರುಳನ್ನು ಕೆಳಗೆ ಎಳೆದು ಜೋಡಿಸಿದರು. ಜೋಡಣೆ ತುಂಬಾ ಕೆಳಗಿದೆ, ಗುದದ್ವಾರದಿಂದ ಬರೀ 4 ಸೆಂಟಿಮೀಟರ್. ಅದಕ್ಕೇ ಮುಂಜಾಗ್ರತೆಗೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಹಾಕಿದ್ದಾರೆ. ಐದು ದಿನ ಎಲ್ಲ ಚೆನ್ನಾಗಿತ್ತು. ಆರನೇ ದಿನ ಜ್ವರ ಬಂತು, ನಾಡಿ 118ಕ್ಕೆ ಏರಿತು, ಸೊಂಟದ ಕೆಳಗೆ ಒಳಗಿನಿಂದ ಯಾರೋ ಒತ್ತಿದ ಹಾಗೆ ನೋವು ಅಂದರು. ಸಿಟಿ ಸ್ಕ್ಯಾನ್‌ನಲ್ಲಿ ಜೋಡಣೆಯ ಹಿಂಭಾಗ ಬಿಟ್ಟುಕೊಂಡಿದೆ, ಅದರ ಹಿಂದೆ ಕೀವು ನಿಂತಿದೆ ಅಂತ ಗೊತ್ತಾಯಿತು. ಈಗ ಆಂಟಿಬಯಾಟಿಕ್ ಹೋಗುತ್ತಿದೆ. ಸರ್ಜನ್ "ಹೊಟ್ಟೆ ತೆರೆಯುವುದು ಬೇಡ, ಕೆಳಗಿನಿಂದಲೇ ಸ್ಪಾಂಜ್ ಇಟ್ಟು ನೋಡೋಣ" ಎನ್ನುತ್ತಿದ್ದಾರೆ. ಸ್ಪಾಂಜ್ ಅಂದರೆ ಏನು? ಚೀಲ ಇದ್ದರೂ ಯಾಕೆ ಸೋರಿತು? ಇನ್ನು ಚೀಲ ಖಾಯಂ ಆಗಿಬಿಡುತ್ತದಾ? ಇನ್ನೊಂದು ವಿಷಯ ಕೇಳಲು ಗಂಟಲು ಕಟ್ಟುತ್ತದೆ. ಮೂರನೇ ದಿನ ನಾನೇ ಅವರನ್ನು ಕೈ ಹಿಡಿದು ವಾರ್ಡ್‌ನಲ್ಲಿ ಎರಡು ಸುತ್ತು ನಡೆಸಿದ್ದೆ. ಅದರಿಂದ ಹೊಲಿಗೆ ಬಿಟ್ಟಿತಾ?

ಸರ್ಜರಿ ವಾರ್ಡ್‌ನ ನರ್ಸ್:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ. ನಡೆಸಿದ್ದರಿಂದ ಜೋಡಣೆ ಬಿಡುವುದಿಲ್ಲ. ನಾವೇ ಎರಡನೇ ದಿನದಿಂದ ಎಬ್ಬಿಸಿ ನಡೆಸುತ್ತೇವೆ, ಅದು ಒಳ್ಳೆಯದು. ಆ ಯೋಚನೆಯನ್ನು ದಯವಿಟ್ಟು ಇವತ್ತೇ ಬಿಟ್ಟುಬಿಡಿ.

ಜೋಡಣೆ ವಾಸಿಯಾಗಲು ಎರಡೂ ತುದಿಗೆ ರಕ್ತ ಚೆನ್ನಾಗಿ ಬರಬೇಕು, ಕರುಳು ಬಿಗಿಯಾಗಿ ಎಳೆದುಕೊಂಡಿರಬಾರದು. ಜೋಡಣೆ ಕೆಳಗೆ ಹೋದಷ್ಟೂ ಇವೆರಡೂ ಕಷ್ಟ. ಗಂಡಸರ ಸೊಂಟದ ಗೂಡು ಕಿರಿದು, ಅಲ್ಲಿ ಕರುಳು ಜೋಡಿಸುವ ಸ್ಟೇಪ್ಲರ್ ಸರಿಯಾಗಿ ಕೂರಿಸುವುದೇ ಸಾಹಸ. ರೇಡಿಯೇಷನ್ ಆದ ಜಾಗ ನಿಧಾನವಾಗಿ ಕೂಡಿಕೊಳ್ಳುತ್ತದೆ. ಧೂಮಪಾನ, ಸ್ಟೀರಾಯ್ಡ್ ಮಾತ್ರೆ, ತೂಕ ತೀರಾ ಇಳಿದಿರುವುದು, ಇವೂ ಸೇರುತ್ತವೆ. ಇದೆಲ್ಲ ಇಲ್ಲದವರಿಗೂ, ತುಂಬಾ ಒಳ್ಳೆಯ ಸರ್ಜನ್ ಕೈಯಲ್ಲೂ ಸೋರುತ್ತದೆ.

ಚೀಲ ಇದ್ದರೂ ಯಾಕೆ ಅಂದಿರಿ. ಚೀಲ ಸೋರಿಕೆಯನ್ನು ಪೂರ್ತಿ ತಡೆಯುವುದಿಲ್ಲ, ಆದರೆ ತುಂಬಾ ಕಡಿಮೆ ಮಾಡುತ್ತದೆ, ಸೋರಿದರೂ ಅದರ ಏಟನ್ನು ತಗ್ಗಿಸುತ್ತದೆ. ಸ್ವೀಡನ್‌ನಲ್ಲಿ 234 ರೋಗಿಗಳ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಚೀಲ ಹಾಕಿದವರಲ್ಲಿ ತೊಂದರೆ ಕೊಡುವಂಥ ಸೋರಿಕೆ ನೂರಕ್ಕೆ 10 ಜನರಲ್ಲಿ ಕಂಡಿತು, ಹಾಕದವರಲ್ಲಿ 28 ಜನರಲ್ಲಿ. ನಿಮ್ಮ ಅಪ್ಪನಿಗೆ ಚೀಲ ಇರುವುದರಿಂದಲೇ ಇವತ್ತು ಸರ್ಜನ್ ಕೈಯಲ್ಲಿ ಕೆಳಗಿನಿಂದ ಪ್ರಯತ್ನ ಮಾಡುವ ಸಮಯ ಇದೆ. ಮಲ ಆ ಕಡೆ ಹೋಗುತ್ತಿಲ್ಲ ಅಲ್ವಾ.

ಸರ್ಜನ್‌ಗಳು ಸೋರಿಕೆಯನ್ನು ಮೂರು ದರ್ಜೆ ಮಾಡಿ ನೋಡುತ್ತಾರೆ, 2010ರಿಂದ ಈ ಲೆಕ್ಕ ಬಳಕೆಯಲ್ಲಿದೆ. 'ಎ' ಅಂದರೆ ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ, ರೋಗಿ ಆರಾಮಾಗಿರುತ್ತಾರೆ, ಚಿಕಿತ್ಸೆ ಏನೂ ಬದಲಾಗುವುದಿಲ್ಲ. 'ಬಿ' ಅಂದರೆ ಆಂಟಿಬಯಾಟಿಕ್, ಡ್ರೈನ್ (ಕೀವು ಹೊರಗೆ ಹರಿಸುವ ಟ್ಯೂಬ್), ಸ್ಪಾಂಜ್ ಇಂಥದ್ದು ಬೇಕು, ಆದರೆ ಹೊಟ್ಟೆ ತೆರೆಯಬೇಕಿಲ್ಲ. 'ಸಿ' ಅಂದರೆ ಮತ್ತೆ ಆಪರೇಷನ್. ನೀವು ಹೇಳುವುದು ಕೇಳಿದರೆ ಅಪ್ಪ ಈಗ 'ಬಿ'ಯಲ್ಲಿದ್ದಾರೆ ಅನ್ನಿಸುತ್ತದೆ, ಆದರೆ ಅದನ್ನು ಹೇಳಬೇಕಾದವರು ಅವರ ಸರ್ಜನ್. ನಾಳೆ ನೇರವಾಗಿ ಕೇಳಿ: ಯಾವ ದರ್ಜೆ, ಬಿಟ್ಟುಕೊಂಡಿರುವುದು ಸುತ್ತಳತೆಯ ಎಷ್ಟು ಭಾಗ, ಕರುಳಿನ ಬಣ್ಣ ಚೆನ್ನಾಗಿದೆಯಾ, ಯಾವ ಲಕ್ಷಣ ಕಂಡರೆ ನೀವು ಯೋಜನೆ ಬದಲಿಸುತ್ತೀರಿ. ಈ ನಾಲ್ಕನೇದನ್ನು ಮರೆಯಲೇಬೇಡಿ.

ಸ್ಪಾಂಜ್ ಹಾಕಿಸಿಕೊಂಡವರು:
ನನಗೂ ಇದೇ ಆಯಿತು. ವಯಸ್ಸು 54, ಜೋಡಣೆ 5 ಸೆಂಟಿಮೀಟರ್, ಏಳನೇ ದಿನ ಸೋರಿಕೆ. ಎಂಟು ಸಲ ಸ್ಪಾಂಜ್ ಬದಲಾಯಿಸಿದರು, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಬಿಟ್ಟುಕೊಂಡ ಜಾಗದ ಹಿಂದೆ ಒಂದು ಪೊಟರೆ ಆಗಿರುತ್ತದೆ, ಅದರಲ್ಲಿ ಕೀವು ನಿಲ್ಲುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಕೊಳೆಯುವುದೇ ಎಲ್ಲ ತೊಂದರೆಗೆ ಮೂಲ. ಡಾಕ್ಟರ್ ಗುದದ್ವಾರದಿಂದ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಟ್ಯೂಬ್ ಹಾಕಿ ಪೊಟರೆಯನ್ನು ತೊಳೆದು, ಅದರ ಅಳತೆಗೆ ಕತ್ತರಿಸಿದ ಸ್ಪಾಂಜ್ ಒಂದನ್ನು ಒಳಗೆ ಕೂರಿಸುತ್ತಾರೆ. ಸ್ಪಾಂಜ್‌ಗೆ ಅಂಟಿದ ಸಣ್ಣ ಟ್ಯೂಬ್ ಹೊರಗೆ ಬಂದು ವ್ಯಾಕ್ಯೂಮ್ ಬಾಟಲಿಗೆ ಸೇರುತ್ತದೆ. ಅದು ಹಗಲು ರಾತ್ರಿ ಕೀವನ್ನು ಹೀರುತ್ತಾ ಇರುತ್ತದೆ, ಜೊತೆಗೆ ಪೊಟರೆಯ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು, ಮತ್ತೆ ನೋಡಿ, ಈ ಸಲ ಇನ್ನೂ ಚಿಕ್ಕ ಸ್ಪಾಂಜ್. ನನ್ನ ಪೊಟರೆ ಮೊದಲ ದಿನ 8 ಸೆಂಟಿಮೀಟರ್ ಆಳ ಇತ್ತು. ನಾಲ್ಕನೇ ಬದಲಾವಣೆಗೆ 5, ಕೊನೆಗೆ ಬೆರಳ ತುದಿಯಷ್ಟು.

ನೋವಾಗುತ್ತದಾ ಅಂತ ಅಪ್ಪ ಕೇಳುತ್ತಾರೆ. ಇಡುವಾಗ ಜಾಸ್ತಿ ಇಲ್ಲ, ಮಂಪರು ಕೊಡುತ್ತಾರೆ. ತೆಗೆಯುವಾಗ ಉರಿಯುತ್ತದೆ, ಯಾಕೆಂದರೆ ಹೊಸ ಮಾಂಸ ಸ್ಪಾಂಜ್‌ನ ತೂತುಗಳೊಳಗೆ ಬೆಳೆದಿರುತ್ತದೆ. ತೆಗೆಯುವ ಸ್ವಲ್ಪ ಮೊದಲು ಟ್ಯೂಬ್‌ನಿಂದ ಸಲೈನ್ ಬಿಟ್ಟು ನೆನೆಸಿದರೆ ಸಲೀಸು, ನನಗೆ ಮೂರನೇ ಸಲದಿಂದ ಹಾಗೆ ಮಾಡಿದರು. ಸ್ವಲ್ಪ ರಕ್ತ ಬಂದರೆ ಗಾಬರಿ ಬೇಡ. ಜಾಸ್ತಿ ಬಂದರೆ ತಕ್ಷಣ ಕರೆಯಿರಿ. ಕೂರುವುದು ಕಷ್ಟ, ಒಂದು ಮಗ್ಗುಲಿಗೆ ವಾಲಿ ಕೂರುತ್ತಿದ್ದೆ. ಟ್ಯೂಬ್ ಜಾರಿ ಬರುವುದು, ವ್ಯಾಕ್ಯೂಮ್ ನಿಲ್ಲುವುದು ಆಗುತ್ತದೆ. ನನಗೆ ಒಂದು ರಾತ್ರಿ ಬಾಟಲಿ ಉಬ್ಬಿಕೊಂಡಿತ್ತು, ಬೆಳಗ್ಗೆ ಹೇಳೋಣ ಅಂತ ಸುಮ್ನೆ ಮಲಗಿದೆ. ಬೆಳಗಾಗುವಷ್ಟರಲ್ಲಿ ಮತ್ತೆ ಜ್ವರ. ನೀವು ಹಾಗೆ ಕಾಯಬೇಡಿ, ಅರ್ಧರಾತ್ರಿ ಆದರೂ ಎಬ್ಬಿಸಿ.

ಸಮಯ ಬಹಳ ಮುಖ್ಯ. ನನ್ನ ಸರ್ಜನ್ ಹೇಳಿದ್ದು ಇಷ್ಟು: ಸೋರಿಕೆ ಹೊಸದಾಗಿರುವಾಗ, ಮೊದಲ ಕೆಲವು ವಾರಗಳಲ್ಲಿ, ಪೊಟರೆಯ ಗೋಡೆ ಮೆತ್ತಗಿರುತ್ತದೆ, ಕುಗ್ಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗೋಡೆ ಗಟ್ಟಿಯಾಗಿ ಸ್ಪಾಂಜ್‌ಗೆ ಬಗ್ಗುವುದಿಲ್ಲ. ಜರ್ಮನಿಯ ಮ್ಯೂನಿಕ್‌ನ ಸರ್ಜನ್‌ಗಳು 2008ರಲ್ಲಿ 29 ಜನರಿಗೆ ಹೀಗೆ ಮಾಡಿದ ಅನುಭವ ಪ್ರಕಟಿಸಿದರು, ಬಹುಪಾಲು ಜನರ ಪೊಟರೆ ಮುಚ್ಚಿತ್ತು. ಆಮ್‌ಸ್ಟರ್‌ಡ್ಯಾಮ್‌ನವರು ಇನ್ನೊಂದು ಹೆಜ್ಜೆ ಹೋಗುತ್ತಾರೆ: ಪೂರ್ತಿ ತುಂಬುವವರೆಗೆ ಸ್ಪಾಂಜ್ ಇಡುವ ಬದಲು, ಪೊಟರೆ ಸ್ವಚ್ಛವಾದ ತಕ್ಷಣ ಬಿಟ್ಟುಕೊಂಡ ಜಾಗವನ್ನು ಕೆಳಗಿನಿಂದಲೇ ಹೊಲಿದುಬಿಡುತ್ತಾರೆ. ನಿಮ್ಮಲ್ಲಿ ಅದು ಸಾಧ್ಯವಾ ಕೇಳಿ ನೋಡಿ.

ನನ್ನ ಚೀಲ 9 ತಿಂಗಳಿಗೆ ಮುಚ್ಚಿದರು. ಅದಕ್ಕೂ ಮೊದಲು ಕೆಳಗಿನಿಂದ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಎಕ್ಸ್‌ರೇ, ಆಮೇಲೆ ಸ್ಕೋಪ್, ಎರಡೂ ಮಾಡಿದರು.

ಹೆಂಡತಿಯೊಬ್ಬರು:
ನಮ್ಮದು ಬೇರೆ ಥರ. ನನ್ನ ಗಂಡನ ಜೋಡಣೆ ಸ್ವಲ್ಪ ಮೇಲಿತ್ತು, ಚೀಲ ಹಾಕಿರಲಿಲ್ಲ. ನಾಲ್ಕನೇ ದಿನ ಹೊಟ್ಟೆ ಉಬ್ಬಿತು, ವಾಂತಿ, ಉಸಿರು ವೇಗ. ಗ್ಯಾಸ್ ಅಂದರು. ನನಗೆ ಇವರ ಮುಖ ನೋಡಿದರೆ ಸರಿ ಅನ್ನಿಸಲಿಲ್ಲ, ಎರಡು ಸಲ ಹೇಳಿದೆ, ಮೂರನೇ ಸಲ ಹೇಳಲು ಸಂಕೋಚವಾಯಿತು. ಐದನೇ ದಿನ ಬೆಳಗ್ಗೆ ಬಿಪಿ ಬಿತ್ತು. ಹೊಟ್ಟೆ ತೆರೆದಾಗ ಮಲ ಹೊಟ್ಟೆಯೊಳಗೆಲ್ಲ ಹರಡಿತ್ತು. ತೊಳೆದು, ಜೋಡಣೆಯನ್ನು ಪೂರ್ತಿ ಬಿಚ್ಚಿ, ಕೆಳಗಿನ ತುದಿ ಮುಚ್ಚಿ, ಮೇಲಿನ ತುದಿಯನ್ನು ಹೊಟ್ಟೆಯ ಎಡಗಡೆ ತಂದು ಚೀಲ ಹಾಕಿದರು. ಹನ್ನೊಂದು ದಿನ ಐಸಿಯು.

ಆಮೇಲೆ ಸರ್ಜನ್ ಕೂತು ವಿವರಿಸಿದರು. ಜೋಡಣೆ ತೀರಾ ಕೆಳಗಿದ್ದರೆ ಸೋರಿದ್ದು ಸಾಮಾನ್ಯವಾಗಿ ಸೊಂಟದ ಗೂಡಿನೊಳಗೇ ನಿಲ್ಲುತ್ತದೆ, ಅಲ್ಲಿಗೆ ಡ್ರೈನ್ ಅಥವಾ ಸ್ಪಾಂಜ್ ಸಾಕಾಗಬಹುದು. ಮೇಲಿದ್ದರೆ ನೇರ ಹೊಟ್ಟೆಯೊಳಗೆ ಹೋಗುತ್ತದೆ, ಆಗ ಕಾಯುವಂತಿಲ್ಲ. ತೆರೆದ ಮೇಲೂ ಎರಡು ದಾರಿ. ತೂತು ಸಣ್ಣದು, ಕರುಳು ಕೆಂಪಗೆ ಜೀವಂತವಾಗಿದೆ ಅಂದರೆ ಜೋಡಣೆ ಉಳಿಸಿಕೊಂಡು, ತೊಳೆದು, ಡ್ರೈನ್ ಇಟ್ಟು, ಮೇಲೆ ಚೀಲ ಹಾಕುತ್ತಾರೆ. ಕರುಳಿನ ತುದಿಗೆ ರಕ್ತ ನಿಂತು ಕಪ್ಪಾಗಿದ್ದರೆ ಅಥವಾ ರೋಗಿ ತೀರಾ ಕುಸಿದಿದ್ದರೆ ಬಿಚ್ಚಲೇಬೇಕು. ಬಿಚ್ಚಿದರೆ ಮತ್ತೆ ಜೋಡಿಸುವುದು ದೊಡ್ಡ ಕೆಲಸ, ಎಷ್ಟೋ ಜನರಿಗೆ ಆಗುವುದೇ ಇಲ್ಲ. ನನ್ನ ಗಂಡ ಮತ್ತೆ ಜೋಡಿಸಿಕೊಳ್ಳಲಿಲ್ಲ. ನಾಲ್ಕು ವರ್ಷ ಆಯಿತು, ಚೀಲದ ಜೊತೆಗೇ ಕೆಲಸಕ್ಕೆ ಹೋಗುತ್ತಾರೆ, ಕ್ಯಾನ್ಸರ್ ಮರಳಿಲ್ಲ. ಸೋರಿಕೆಯಿಂದಾಗಿ ಕೀಮೋ ತಡವಾಯಿತು, ಆ ತಿಂಗಳುಗಳು ನನಗೆ ಐಸಿಯುಗಿಂತ ಕಷ್ಟವಾಗಿದ್ದವು.

ನಾನು ಹೇಳುವುದು ಒಂದೇ. ಪಕ್ಕದಲ್ಲಿ ಕೂತವರಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಮೂರನೇ ಸಲವೂ ಹೇಳಿ.

ನರ್ಸ್ ಮತ್ತೆ:
ಮೇಲಿನವರ ಮಾತಿಗೆ ಸೇರಿಸುತ್ತೇನೆ. ಹೇಳುವಾಗ ಕೈಯಲ್ಲಿ ಅಂಕಿ ಇದ್ದರೆ ಬೇಗ ಕೇಳಿಸಿಕೊಳ್ಳುತ್ತಾರೆ. ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆ ಇದೆ, ಮೈಯೊಳಗಿನ ಉರಿಯೂತ ಎಷ್ಟಿದೆ ಅಂತ ಅದು ತೋರಿಸುತ್ತದೆ. ಆಪರೇಷನ್ ಆದ ಎಲ್ಲರಿಗೂ ಅದು ಏರುತ್ತದೆ, ಎರಡು ಮೂರನೇ ದಿನ ತುದಿ ಮುಟ್ಟಿ ಇಳಿಯಬೇಕು. ನಾಲ್ಕನೇ ದಿನವೂ 150ರ ಆಸುಪಾಸು ಅಥವಾ ಮೇಲೇ ನಿಂತಿದ್ದರೆ ಒಳಗೆ ಏನೋ ನಡೆಯುತ್ತಿದೆಯಾ ಅಂತ ನೋಡಲೇಬೇಕು. ಈಗ ಅಪ್ಪನ ವಿಷಯದಲ್ಲೂ ಅಷ್ಟೇ, ಸಿಆರ್‌ಪಿ, ನಾಡಿ, ಜ್ವರ, ಮೂತ್ರದ ಪ್ರಮಾಣ ಒಂದು ಪುಸ್ತಕದಲ್ಲಿ ಬರೆದಿಡಿ. ಚಿಕಿತ್ಸೆ ಹಿಡಿಯುತ್ತಿದ್ದರೆ ಎರಡು ಮೂರು ದಿನದಲ್ಲಿ ಇಳಿಮುಖ ಕಾಣಬೇಕು. ಕಾಣದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ, ಇನ್ನೊಂದು ಕೀವಿನ ಗುಂಡಿ ಇದೆಯಾ, ಡ್ರೈನ್ ಕಟ್ಟಿಕೊಂಡಿದೆಯಾ ಅಂತ ನೋಡುತ್ತಾರೆ. ಕೆಳಗಿನಿಂದ ಕೈಗೆ ಸಿಗದ ಕೀವಿಗೆ ಸಿಟಿ ನೋಡಿಕೊಂಡು ಚರ್ಮದ ಮೂಲಕ ಟ್ಯೂಬ್ ಹಾಕುತ್ತಾರೆ, ಕೆಲವೊಮ್ಮೆ ಪೃಷ್ಠದ ಕಡೆಯಿಂದ.

ಇನ್ನೊಂದು, ಸಣ್ಣ ಕರುಳಿನ ಚೀಲದಲ್ಲಿ ನೀರು ಉಪ್ಪು ಜಾಸ್ತಿ ಹೋಗುತ್ತದೆ. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಹೇಳಿ, ಇಲ್ಲದಿದ್ದರೆ ಕಿಡ್ನಿಗೆ ಏಟು.

ತಡವಾಗಿ ಗೊತ್ತಾದವರು:
ನಾನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ, ಹೆದರಿಸುವುದು ಇಷ್ಟವಿಲ್ಲ. ಆದರೆ ನನಗೆ ಯಾರೂ ಇದನ್ನು ಮೊದಲೇ ಹೇಳಿರಲಿಲ್ಲ. ನನ್ನ ಸೋರಿಕೆ ಗೊತ್ತಾಗಿದ್ದು ಮನೆಗೆ ಬಂದು ಎರಡು ತಿಂಗಳಾದ ಮೇಲೆ. ಬಾಲದ ಮೂಳೆಯ ಹತ್ತಿರ ಮಂದ ನೋವು, ಕೆಳಗಿನಿಂದ ವಾಸನೆಯ ದ್ರವ, ವಾರಕ್ಕೊಮ್ಮೆ ಸಣ್ಣ ಜ್ವರ. ರೇಡಿಯೇಷನ್‌ನಿಂದ ಇರಬಹುದು ಅಂದುಕೊಂಡು ದಿನ ತಳ್ಳಿದೆ. ಇದು ಅಪರೂಪವೇನಲ್ಲ. ನೆದರ್‌ಲ್ಯಾಂಡ್‌ನಲ್ಲಿ 2011ರಲ್ಲಿ ಆಪರೇಷನ್ ಆಗಿ ಕರುಳು ಜೋಡಿಸಿಕೊಂಡ 998 ಜನರನ್ನು ಹಿಂಬಾಲಿಸಿ ನೋಡಿದಾಗ, ಮೊದಲ 30 ದಿನದಲ್ಲಿ ನೂರಕ್ಕೆ 13 ಜನರ ಸೋರಿಕೆ ಸಿಕ್ಕಿತ್ತು, ಆಮೇಲೆ ಗೊತ್ತಾದದ್ದನ್ನೂ ಸೇರಿಸಿದರೆ 20. ಅಂದರೆ ಮೂರರಲ್ಲಿ ಒಂದು ತಡವಾಗಿ.

ನನ್ನ ಪೊಟರೆ ಗಟ್ಟಿಯಾಗಿ ಖಾಯಂ ಸುರಂಗವಾಗಿತ್ತು. ಸ್ಪಾಂಜ್ ಇಟ್ಟರೂ ಮುಚ್ಚಲಿಲ್ಲ. ಸುರಂಗಕ್ಕೂ ಕರುಳಿಗೂ ನಡುವಿನ ಗೋಡೆಯನ್ನು ಸ್ಟೇಪ್ಲರ್‌ನಿಂದ ಸೀಳಿ ಒಂದೇ ಜಾಗ ಮಾಡುವ ವಿಧಾನ ಇದೆ, ಅದು ನನ್ನದಕ್ಕೆ ಹೊಂದಲಿಲ್ಲ. ಕೊನೆಗೆ ಇಂಥದ್ದನ್ನೇ ಹೆಚ್ಚು ಮಾಡುವ ಸರ್ಜನ್ ಹತ್ತಿರ ಹೋದೆ. ಹಳೆಯ ಜೋಡಣೆ ತೆಗೆದು, ಸುರಂಗವನ್ನು ಕೆರೆದು, ಹೊಸ ಕರುಳನ್ನು ಗುದದ್ವಾರದ ಮೂಲಕ ಹೊರಗೆಳೆದು ಹಾಗೇ ಬಿಟ್ಟರು, ಒಂದು ವಾರ. ಅಷ್ಟರಲ್ಲಿ ಕರುಳು ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಹೊರಗಿನ ತುಂಡು ಕತ್ತರಿಸಿ ಹೊಲಿಗೆ. ಆ ವಾರ ನಾನು ಕನ್ನಡಿ ನೋಡಲಿಲ್ಲ. ಈಗ ಚೀಲ ಇಲ್ಲ. ಆದರೆ ದಿನಕ್ಕೆ ಆರೇಳು ಸಲ ಹೋಗಬೇಕು, ಬಂತು ಅನ್ನಿಸಿದರೆ ತಡೆಯಲು ಆಗುವುದಿಲ್ಲ. ಸೋರಿಕೆ ಆದವರಿಗೆ ಈ ತೊಂದರೆ ಜಾಸ್ತಿ. ಚೀಲವೇ ನೆಮ್ಮದಿ ಅಂತ ಆರಿಸಿಕೊಂಡವರನ್ನೂ ಕಂಡಿದ್ದೇನೆ, ಅದು ತಪ್ಪು ನಿರ್ಧಾರ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಆದ್ದರಿಂದ ಅಪ್ಪನ ಚೀಲ ಮುಚ್ಚಲು ಅವಸರ ಮಾಡಬೇಡಿ. ಪೊಟರೆ ಮುಚ್ಚಿದೆ ಅಂತ ಕಣ್ಣಾರೆ ನೋಡಿದ ಮೇಲೆಯೇ.

ಕೇಳಿದವರು:
ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಉತ್ತರವನ್ನೂ ಅಪ್ಪನಿಗೆ ಓದಿ ಹೇಳಿದೆ, ಎರಡನೇದನ್ನು ಎರಡು ಸಲ ಓದಿಸಿಕೊಂಡರು. 'ಬಿ' ದರ್ಜೆಯೇ. ಸುತ್ತಳತೆಯ ಕಾಲು ಭಾಗ ಬಿಟ್ಟಿದೆ, ಕರುಳಿನ ಬಣ್ಣ ಚೆನ್ನಾಗಿದೆ. ಮೂರು ಸ್ಪಾಂಜ್ ಆಯಿತು, ಪೊಟರೆ 7ರಿಂದ 4 ಸೆಂಟಿಮೀಟರ್‌ಗೆ ಬಂದಿದೆ. ಸಿಆರ್‌ಪಿ 240 ಇದ್ದದ್ದು 61. ಸ್ವಚ್ಛವಾದರೆ ಮುಂದಿನ ವಾರ ಕೆಳಗಿನಿಂದ ಹೊಲಿಯುವ ಬಗ್ಗೆ ನೋಡೋಣ ಅಂದಿದ್ದಾರೆ. ತೆಗೆಯುವ ಮೊದಲು ಸಲೈನ್ ಬಿಡಿ ಅಂತ ನಾನೇ ಕೇಳಿದೆ, ನಿಜಕ್ಕೂ ಸಲೀಸಾಯಿತು.

ಒಂದು ಸಣ್ಣ ಪ್ರಶ್ನೆ. ಮಲವೆಲ್ಲ ಚೀಲಕ್ಕೆ ಹೋಗುತ್ತಿದ್ದರೂ ಅಪ್ಪನಿಗೆ ಕೆಳಗೆ ಹೋಗಬೇಕು ಅನ್ನಿಸುತ್ತದೆ, ಹೋದರೆ ಲೋಳೆ ಬರುತ್ತದೆ. ಇದು ಸರಿನಾ?

ನರ್ಸ್:
ಸರಿ. ಕೆಳಗಿನ ಕರುಳು ಖಾಲಿ ಇದ್ದರೂ ಲೋಳೆ ಮಾಡುತ್ತಲೇ ಇರುತ್ತದೆ, ಅದು ಹೊರಗೆ ಬರಲೇಬೇಕು. ಸ್ಪಾಂಜ್ ಒಳಗೆ ಕೂತಿರುವುದರಿಂದಲೂ ಹೋಗಬೇಕು ಅನ್ನಿಸುತ್ತದೆ. ತಿಣುಕದೆ, ತಾನಾಗಿ ಬಂದಷ್ಟು ಬರಲಿ ಅಂತ ಹೇಳಿ, ತಿಣುಕಿದರೆ ಟ್ಯೂಬ್ ಜಾರುತ್ತದೆ. ಲೋಳೆ ಬಿಳಿ ಅಥವಾ ತಿಳಿ ಹಳದಿ ಇದ್ದರೆ ಚಿಂತೆ ಇಲ್ಲ. ದಪ್ಪಗಾಗಿ ಹಸಿರು ಕಂದು ಬಣ್ಣಕ್ಕೆ ತಿರುಗಿ ಕೆಟ್ಟ ವಾಸನೆ ಬಂದರೆ, ಅಥವಾ ಬರುತ್ತಿದ್ದದ್ದು ಏಕಾಏಕಿ ನಿಂತು ನೋವು ಶುರುವಾದರೆ, ಆವತ್ತೇ ಹೇಳಿ.