36 ಎಳೆಯ ಜಗಳ

(ಕಲಬುರಗಿಯ ನಮ್ಮ ಮನೆಮಂದಿ ಗುಂಪಿನಲ್ಲಿ ಭಾನುವಾರ ನಡೆದ ಮಾತುಕತೆ. ಅಕ್ಷರದ ತಪ್ಪು ತಿದ್ದಿದ್ದೇನೆ, ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ ಇದೆ.)

ಸೇಡಂ ಮಾಮ: (ಫಾರ್ವರ್ಡ್ ವಿಡಿಯೊ) ವೈರ್ ಸುಲಿಯಲು ಯಾವ ಸಾಮಾನೂ ಬೇಡ. ಲೈಟರ್ ಹಚ್ಚಿ ತುದಿ ಸುಡಿ, ಬಟ್ಟೆಯಿಂದ ಹಿಡಿದು ಎಳೆದುಬಿಡಿ. ಎಲ್ಲರೂ ನೋಡಿ, ಉಪಯೋಗಕ್ಕೆ ಬರುತ್ತದೆ.

ಅಕ್ಕ: ಸರಿಯಾದ ಹೊತ್ತಿಗೆ ಕಳಿಸಿದಿರಿ ಮಾಮಾ. ಕೂಲರ್ ವೈರನ್ನು ಪ್ಲಗ್ ಹತ್ತಿರ ಇಲಿ ಕಡಿದಿದೆ. ಈ ಬಿಸಿಲಲ್ಲಿ ಕೂಲರ್ ಇಲ್ಲದೆ ಹೇಗೆ? ಈಗಲೇ ಮಾಡುತ್ತೇನೆ.

ಕಾಕಾ: ನಿಲ್ಲು ನಿಲ್ಲು. ಲೈಟರ್ ಮುಟ್ಟಬೇಡ.

ಕಾಕಾ: ಮೇಲಿನ ಪ್ಲಾಸ್ಟಿಕ್ ಪಿವಿಸಿ. ಸುಟ್ಟರೆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಣ್ಣು ಗಂಟಲು ಉರಿಯುತ್ತವೆ. ಅದು ಹೋಗಲಿ. ತಾಮ್ರಕ್ಕೆ ಮಸಿ ಹತ್ತುತ್ತದೆ. ಆ ಮಸಿ ನಡುವೆ ಇದ್ದರೆ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಅಷ್ಟಕ್ಕಷ್ಟೇ, ಅಲ್ಲೇ ಬಿಸಿಯಾಗುತ್ತದೆ. ಮತ್ತೆ ಬೆಂಕಿ ನೀವು ಹೇಳಿದ ಜಾಗಕ್ಕೇ ನಿಲ್ಲುತ್ತದಾ? ಹಿಂದಿನ ಪ್ಲಾಸ್ಟಿಕ್ಕೂ ಕರಗಿ ತೆಳ್ಳಗಾಗಿರುತ್ತದೆ.

ಸೇಡಂ ಮಾಮ: ಬೀಗರೇ, ನಿಮ್ಮದು ಕಾರ್ಖಾನೆ ಲೆಕ್ಕ. ನಾನು ಬುದ್ಧಿ ಬಂದಾಗಿನಿಂದ ಹಲ್ಲಿನಿಂದ ಕಚ್ಚಿ ಸುಲಿದವನು. ಮನೆಯ ಒಂದು ಲೈಟಾದರೂ ಆರಿದೆಯಾ?

ಕಾಕಾ: ಲೈಟ್ ಯಾಕೆ ಆರುತ್ತದೆ? 9 ವ್ಯಾಟ್ ಎಲ್‌ಇಡಿ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಉರಿಯುತ್ತದೆ. ಅದೇ ವೈರಿಗೆ 2000 ವ್ಯಾಟ್ ಗೀಸರ್ ಹಾಕಿ. ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆಗ ಗೊತ್ತಾಗುತ್ತದೆ ಹಲ್ಲಿನ ಕೆಲಸ.

(ಮಾಮ ‘ಟೈಪಿಂಗ್’ ಅಂತ ತೋರಿಸಿದ್ದು ನಿಂತುಹೋಯಿತು. ಇಂಥ ಹೊತ್ತಿಗೇ ನಮ್ಮ ತಮ್ಮ ಬಾಯಿ ಹಾಕುವುದು.)

ತಮ್ಮ: 2.5 ಸ್ಕ್ವೇರ್ ಎಂಎಂ ವೈರಿನಲ್ಲಿ ಸಾಮಾನ್ಯವಾಗಿ 0.3 ಎಂಎಂ ದಪ್ಪದ 36 ಎಳೆ ಇರುತ್ತವೆ. ಸುಲಿಯುವಾಗ 6 ಎಳೆ ಕತ್ತರಿಸಿ ಹೋದರೆ ಆರರಲ್ಲಿ ಒಂದು ಪಾಲು ತಾಮ್ರ ಹೋಯಿತು. ದುಡ್ಡು ಕೊಟ್ಟಿದ್ದು 2.5ಕ್ಕೆ, ಆ ಜಾಗದಲ್ಲಿ ಉಳಿದಿದ್ದು 2ರ ಹತ್ತಿರ.

ಸೇಡಂ ಮಾಮ: ಪಾಲಿಟೆಕ್ನಿಕ್ ಪಾಠ ಶುರುವಾಯಿತು. ಹಾಗಾದರೆ ವೈರ್ ಸುಲಿಯುವ ಇಕ್ಕಳ, ಅದೇ ಸ್ಟ್ರಿಪ್ಪರ್, ಇಲ್ಲದವರು ಕತ್ತಲಲ್ಲಿ ಕೂರಬೇಕಾ?

ತಮ್ಮ: ಸೂಪರ್ ಮಾರ್ಕೆಟ್ ಕಡೆ ಹೋದರೆ ಸಿಗುತ್ತದಲ್ಲ ಮಾಮಾ.

ಸೇಡಂ ಮಾಮ: ನಮ್ಮ ಅಳಿಯ ತಂದಿದ್ದ. ಅದೂ ಎಳೆ ಕತ್ತರಿಸಿತು! ಅದಕ್ಕೇನು ಹೇಳುತ್ತೀರಿ ಬೀಗರೇ?

ಕಾಕಾ: ಖರೇ ಮಾತು. ಸ್ಟ್ರಿಪ್ಪರ್ ಇದ್ದ ಮಾತ್ರಕ್ಕೆ ಆಗಲಿಲ್ಲ. 2.5 ವೈರನ್ನು 1.5ರ ತೂತಿಗೆ ಹಾಕಿ ಒತ್ತಿದರೆ ಅದು ತಾಮ್ರವನ್ನೇ ಕಚ್ಚುತ್ತದೆ. ಮೊದಲು ಒಂದು ತುಂಡು ವೈರಿನ ಮೇಲೆ ನೋಡಬೇಕು. ಬ್ಲೇಡೂ ತಪ್ಪಲ್ಲ. ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ ಸುತ್ತ ಕೊಯ್ಯುವುದು ತಪ್ಪು. ಮಲಗಿಸಿ ಹಿಡಿದು ಪೆನ್ಸಿಲ್ ಚೂಪು ಮಾಡಿದ ಹಾಗೆ ಹೊರಗೆ ತಳ್ಳಬೇಕು. ಒಂದೇ ದಪ್ಪ ತಂತಿ ಇರುವ ವೈರಾದರೆ ಇನ್ನೂ ಹುಷಾರು. ಸಣ್ಣ ಗೀರು ಬಿದ್ದರೂ ಮುಂದೆ ಬಗ್ಗಿಸಿದಾಗ ಅಲ್ಲೇ ಮುರಿಯುತ್ತದೆ.

ಅಕ್ಕ: ನಿಮ್ಮ ಜಗಳ ಆಮೇಲೆ. ಕೂಲರ್ ವೈರಿನಲ್ಲಿ ಒಂದು ದಪ್ಪ ಹೊದಿಕೆ, ಒಳಗೆ ಮೂರು ವೈರ್. ಹೊರಗಿನದನ್ನು ಹೇಗೆ ತೆಗೆಯಲಿ? ಅದು ಸ್ಟ್ರಿಪ್ಪರ್ ಬಾಯಿಗೇ ಹಿಡಿಯಲ್ಲ.

ಸೇಡಂ ಮಾಮ: ಇದನ್ನು ನನ್ನ ಕೇಳು ತಂಗಿ. ಬೋರಿನ ಕೇಬಲ್ ಎಷ್ಟು ಸುಲಿದಿದ್ದೇನೋ. ಪೂರ್ತಿ ಕೊಯ್ಯಬೇಡ. ಸುತ್ತಲೂ ಅರ್ಧ ಆಳ ಮಾತ್ರ ಗೀರು. ಆಮೇಲೆ ಗೀರಿದ ಜಾಗದಲ್ಲಿ ವೈರನ್ನು ಬಗ್ಗಿಸು, ಗೀರು ತಾನಾಗಿ ಬಾಯಿ ಬಿಡುತ್ತದೆ. ಸ್ವಲ್ಪ ತಿರುಗಿಸು, ಮತ್ತೆ ಬಗ್ಗಿಸು. ಬ್ಲೇಡು ಒಳಗಿನ ಕೆಂಪು, ಕಪ್ಪು, ಹಸಿರನ್ನು ಮುಟ್ಟುವುದೇ ಇಲ್ಲ. ಕೊನೆಗೆ ಎಳೆದರೆ ಜಾರಿ ಬರುತ್ತದೆ.

ಕಾಕಾ: ಬೀಗರೇ, ಇಷ್ಟು ಚೆನ್ನಾಗಿ ಗೊತ್ತಿದ್ದೂ ಆ ವಿಡಿಯೊ ಯಾಕೆ ಹಾಕಿದಿರಿ?

ಸೇಡಂ ಮಾಮ: ಬಂತು, ಕಳಿಸಿದೆ. ಎಲ್ಲರೂ ಸುಮ್ನೆ ಕಳಿಸೋದೇ ಅಲ್ವಾ?

ಅಕ್ಕ: (ಫೋಟೊ) ಮೂರೂ ಸುಲಿದೆ. ಚೆನ್ನಾಗಿದೆಯಾ?

ಕಾಕಾ: ಫೋಟೊದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಿತ್ತುಬಂದ ಸಿಪ್ಪೆಯನ್ನು ಎತ್ತಿ ಒಳಗೆ ನೋಡು. ಎಳೆಯ ತುಂಡು ಇದೆಯಾ?

ಅಕ್ಕ: ಅಯ್ಯೋ ಹೌದು. ಕಪ್ಪು ಸಿಪ್ಪೆಯೊಳಗೆ ಕೂದಲಿನಂಥವು ಮೂರು ನಾಲ್ಕು ಇವೆ.

ಕಾಕಾ: ಆ ತುದಿ ಕತ್ತರಿಸಿ ಮತ್ತೆ ಸುಲಿ. ಕೆಂಪನ್ನೂ ಅದರ ಅಳತೆಗೇ ತಾ. ಹಸಿರು, ಅಂದರೆ ಅರ್ಥ್ ವೈರ್, ಮಾತ್ರ ಸ್ವಲ್ಪ ಉದ್ದವೇ ಇರಲಿ. ಯಾರಾದರೂ ವೈರ್ ಹಿಡಿದು ಜಗ್ಗಿದರೆ ಅರ್ಥ್ ಕೊನೆಗೆ ಕಿತ್ತು ಬರಬೇಕು. ಕೂಲರ್ ಮೈ ಕಬ್ಬಿಣ, ಕೆಳಗೆ ನೀರು. ಪ್ಲಗ್ಗಿನೊಳಗೆ ವೈರನ್ನು ಬಿಗಿಯುವ ಪಟ್ಟಿಯ ಕೆಳಗೆ ಹೊರಗಿನ ದಪ್ಪ ಹೊದಿಕೆ ಸಿಕ್ಕಿಕೊಳ್ಳಬೇಕು, ಬರೀ ಒಳಗಿನ ವೈರ್ ಅಲ್ಲ.

ಅಕ್ಕ: ಹೀಗೇ ಕತ್ತರಿಸುತ್ತಾ ಹೋದರೆ ವೈರ್ ಕಿಟಕಿವರೆಗೂ ಬರಲ್ಲ ಕಾಕಾ.

ಕಾಕಾ: ಕೂಲರನ್ನು ಈಚೆ ಸರಿಸು. ಜಾಯಿಂಟ್ ಹಾಕಿ ಟೇಪ್ ಸುತ್ತಬೇಡ.

ಸೇಡಂ ಮಾಮ: ಬೀಗರೇ, ಒಂದು ತೊಂದರೆ. ಆ ವಿಡಿಯೊ ನಮ್ಮ ಹೊಲದವರ ಗುಂಪಿಗೂ ಹೋಗಿದೆ.

ಕಾಕಾ: ಡಿಲೀಟ್ ಮಾಡಿ. ಅಲ್ಲಿರುವುದು ತ್ರೀ ಫೇಸ್ ಮೋಟರು. ಜಾಯಿಂಟಿನಲ್ಲಿ ಒಂದು ಫೇಸ್ ಸುಟ್ಟು ಕಡಿದುಹೋದರೆ ಉಳಿದ ಎರಡರ ಮೇಲೆ ಭಾರ ಬಿದ್ದು ಮೋಟರೇ ಸುಡುತ್ತದೆ.

ಸೇಡಂ ಮಾಮ: ಮುಂಜಾನೆಯೇ ಎಲ್ಲರೂ ನೋಡಿಬಿಟ್ಟಿದ್ದಾರೆ. ಹೆಬ್ಬೆರಳು ಒತ್ತಿದ್ದಾರೆ.

ಕಾಕಾ: ಹಾಗಾದರೆ ಬಗ್ಗಿಸಿ ಬಿಡಿಸುವ ನಿಮ್ಮ ವಿಧಾನ ಅಲ್ಲಿಗೆ ಹಾಕಿ.

ಸೇಡಂ ಮಾಮ: ಅಷ್ಟುದ್ದ ಮತ್ತೆ ಯಾರು ಟೈಪ್ ಮಾಡುತ್ತಾರೆ? ವಾಯ್ಸ್ ಹಾಕುತ್ತೇನೆ.