ದೊಡ್ಡ ಹೆಡ್‌ಲೈಟ್ ಬಲ್ಬಿಗೆ ಕಂಪನಿ ವೈರಿಂಗ್ ತಡೆಯುತ್ತಾ?

ಹತ್ತುಚಕ್ರ:
ನಮ್ಮದು ಹಳೆಯ ಲಾರಿ, 24 ವೋಲ್ಟ್. ಹೆಡ್‌ಲೈಟಿಗೆ ಎಚ್4 ಬಲ್ಬು, 75/70 ವಾಟ್ (ಹೈ ಬೀಮಿಗೆ 75, ಡಿಪ್ಪಿಗೆ ಅಂದರೆ ತಗ್ಗಿಸಿದ ಬೆಳಕಿಗೆ 70). ಬೆಳಕು ಹಳದಿಗಿದೆ, ಮಳೆ ಬಂದರಂತೂ ರಸ್ತೆಯ ಅಂಚೇ ಕಾಣುವುದಿಲ್ಲ. ಗ್ಲಾಸ್, ರಿಫ್ಲೆಕ್ಟರ್ ಎರಡೂ ಚೆನ್ನಾಗಿವೆ. ಬಲ್ಬೂ ಹೊಸದು. ಹಾಗಾಗಿ 100/90 ಹಾಕೋಣ ಅಂತಿದ್ದೇನೆ.

ಆದರೆ ಈಗಲೇ ಸ್ವಲ್ಪ ಹೊತ್ತು ಲೈಟ್ ಹಾಕಿ ಓಡಿಸಿದರೆ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ ಕೈಗೆ ಬಿಸಿ ಹತ್ತುತ್ತದೆ. ಬಲಗಡೆ ಬಲ್ಬಿನ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿದೆ. ಮೆಕ್ಯಾನಿಕ್ ಒಬ್ಬ "ಫ್ಯೂಸ್ ಒಂದು ನಂಬರ್ ದೊಡ್ಡದು ಹಾಕಿ, ಏನೂ ಆಗಲ್ಲ" ಅಂದ. ನನಗೆ ಧೈರ್ಯ ಬರುತ್ತಿಲ್ಲ. ಗೊತ್ತಿದ್ದವರು ಹೇಳಿ.

ಅರ್ತಿಂಗ್_ಅಣ್ಣ:
ಮೊದಲು ಆ ಫ್ಯೂಸ್ ವಿಚಾರ ಬಿಟ್ಟುಬಿಡಿ. ಫ್ಯೂಸ್ ಕಾಯುವುದು ವೈರನ್ನು. ಕಂಪನಿಯವರು ವೈರಿನ ದಪ್ಪ ನೋಡಿ ಫ್ಯೂಸ್ ಇಟ್ಟಿರುತ್ತಾರೆ. ಅದನ್ನು ದೊಡ್ಡದು ಮಾಡಿದರೆ ಮುಂದೆ ಸುಡುವುದು ಡ್ಯಾಶ್‌ಬೋರ್ಡ್ ಹಿಂದಿನ ವೈರ್, ಅದೂ ನಿಮ್ಮ ಮೊಣಕಾಲ ಹತ್ತಿರ.

ಎರಡನೆಯದು, ಬಲ್ಬ್ ಈಗಲೇ ಕೊಳ್ಳಬೇಡಿ. ಸ್ವಿಚ್ ಬಿಸಿ, ಹೋಲ್ಡರ್ ಕಂದು, ಬೆಳಕು ಹಳದಿ. ಮೂರೂ ಸೇರಿದರೆ ನನಗೆ ಅನುಮಾನ ವೈರಿಂಗ್ ಮೇಲೆ. ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ 10 ಪರ್ಸೆಂಟ್ ಕಡಿಮೆ ಆದರೆ ಬೆಳಕು ಸುಮಾರು 30 ಪರ್ಸೆಂಟ್ ಬಿದ್ದುಹೋಗುತ್ತದೆ.

ಮಲ್ಟಿಮೀಟರ್ ಇದೆಯಾ? ಎಂಜಿನ್ ಸ್ಟಾರ್ಟ್ ಮಾಡಿ, ಡಿಪ್ ಹಾಕಿ, ಮೀಟರ್ ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಹೋಲ್ಡರಿನ ಹಿಂದೆ ಡಿಪ್ ಪಿನ್ನಿಗೆ. ಬರುವ ಅಂಕಿಯೇ ಪ್ಲಸ್ ಕಡೆಯ ನಷ್ಟ. ಆಮೇಲೆ ಹೋಲ್ಡರಿನ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ಹಿಡಿಯಿರಿ. ಅದು ಅರ್ತ್ ಕಡೆಯದು. ಕಡ್ಡಿಯ ವೈರ್ ಬ್ಯಾಟರಿವರೆಗೆ ಸಾಲದಿದ್ದರೆ ತೆಳು ವೈರ್ ಒಂದನ್ನು ಸೇರಿಸಿಕೊಳ್ಳಿ, ಅಳತೆಗೆ ತೊಂದರೆಯಿಲ್ಲ. ಬಲ್ಬ್ ಉರಿಯುತ್ತಲೇ ಇರಬೇಕು. ಹೋಲ್ಡರ್ ಕಿತ್ತು ಅಳೆದರೆ ಕರೆಂಟೇ ಹರಿಯುವುದಿಲ್ಲ, ಎಲ್ಲಾ ಸರಿ ಇದೆ ಅಂತ ಮೀಟರ್ ಸುಳ್ಳು ಹೇಳುತ್ತದೆ.

ಹೈಬೀಮ್:
ಇಷ್ಟೆಲ್ಲಾ ಯಾಕೆ ಗುರು? ಎಲ್ಇಡಿ ಬಲ್ಬ್ ಹಾಕಿ. ವಾಟ್ ಕಡಿಮೆ, ವೈರಿಗೂ ಆರಾಮ.

ಅರ್ತಿಂಗ್_ಅಣ್ಣ:
ವೈರಿಗೆ ಆರಾಮ ನಿಜ. ಎದುರಿನಿಂದ ಬರುವವನಿಗೆ? ಎಚ್4 ರಿಫ್ಲೆಕ್ಟರ್ ಮಾಡಿರುವುದು ಫಿಲಮೆಂಟ್ ಇರುವ ಜಾಗದ ಲೆಕ್ಕದಲ್ಲಿ. ಎಲ್ಇಡಿ ಚಿಪ್ ಕೂರುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚೆಲ್ಲಾಪಿಲ್ಲಿ. ಲಾರಿಯ ಲೈಟ್ ಮೊದಲೇ ಎತ್ತರದಲ್ಲಿ ಇರುತ್ತದೆ, ಕಾರಿನವರ ಕಣ್ಣಿಗೆ ನೇರ ಹೊಡೆಯುತ್ತದೆ. ಬೇಕಿದ್ದರೆ ಎಲ್ಇಡಿಗೆಂದೇ ಮಾಡಿದ ಪೂರ್ತಿ ಲ್ಯಾಂಪ್ ಹಾಕಿಸಿ, ನನ್ನದೇನೂ ತಕರಾರಿಲ್ಲ. ಹ್ಯಾಲೊಜೆನ್ ಮನೆಗೆ ಎಲ್ಇಡಿ ಬಲ್ಬ್ ತುರುಕುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಹತ್ತುಚಕ್ರ:
ಅಳೆದೆ ಅಣ್ಣ. ಎಂಜಿನ್ ಓಡುವಾಗ ಬ್ಯಾಟರಿ 27.6 ವೋಲ್ಟ್. ಪ್ಲಸ್ ಕಡೆ ನಷ್ಟ 2.6, ಅರ್ತ್ ಕಡೆ 1.1. ಅಂದರೆ ಬಲ್ಬಿಗೆ ಸಿಗುತ್ತಿರುವುದು 23.9. ಇಷ್ಟೊಂದಾ?

ಅರ್ತಿಂಗ್_ಅಣ್ಣ:
ನೋಡಿದ್ರಾ! ಬರಬೇಕಾದ ಬೆಳಕಿನಲ್ಲಿ ಹತ್ತಿರ ಹತ್ತಿರ 40 ಪರ್ಸೆಂಟ್ ನಿಮಗೆ ಸಿಗುತ್ತಲೇ ಇಲ್ಲ. ಎರಡು 75 ವಾಟ್ ಬಲ್ಬಿಗೆ 24 ವೋಲ್ಟಿನಲ್ಲಿ 6.25 ಆಂಪ್ಸ್, ಡಿಪ್ಪಿನಲ್ಲಿ ಸ್ವಲ್ಪ ಕಡಿಮೆ. 6 ಅಂತಲೇ ಹಿಡಿಯಿರಿ. 2.6 ವೋಲ್ಟ್ ನಷ್ಟ ಅಂದರೆ ಸುಮಾರು 15 ವಾಟ್ ಬಿಸಿ, ಬರೀ ಪ್ಲಸ್ ಕಡೆಯ ವೈರ್, ಕಪ್ಲರ್, ಸ್ವಿಚ್ಚಿನಲ್ಲಿ. ಕೈಗೆ ಹತ್ತುವ ಬಿಸಿ ಇದೇ. ಇದರ ಮೇಲೆ 100/90 ಹಾಕಿದರೆ ಹೈ ಬೀಮಿನಲ್ಲಿ ಕರೆಂಟ್ ಮೂರರಲ್ಲಿ ಒಂದು ಪಾಲು ಏರುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಮುಕ್ಕಾಲು ಪಾಲು ಜಾಸ್ತಿ. ಆ ಹೋಲ್ಡರ್ ಉಳಿಯುವುದಿಲ್ಲ.

ಆದ್ದರಿಂದ ಬಲ್ಬ್ ಅದೇ ಇರಲಿ, ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಡಿಪ್ಪಿಗೆ ಒಂದು, ಹೈ ಬೀಮಿಗೆ ಒಂದು. ಹೆಡ್‌ಲೈಟಿಗೆ ಬರುವ ಹಳೆಯ ವೈರನ್ನು ರಿಲೇಯ 86ನೇ ನಂಬರಿನ ಪಿನ್ನಿಗೆ ಕೊಡಿ, 85 ಅರ್ತಿಗೆ. ಬ್ಯಾಟರಿಯಿಂದ ಹೊಸ ದಪ್ಪ ವೈರ್ ಎಳೆದು 30ಕ್ಕೆ, 87ರಿಂದ ಬಲ್ಬಿಗೆ. ಇನ್ನು ಮೇಲೆ ಸ್ವಿಚ್ ಮೇಸ್ತ್ರಿ ಇದ್ದ ಹಾಗೆ, ಹೇಳುವುದಷ್ಟೇ ಕೆಲಸ. ಹೊರೆ ಹೊರುವುದು ರಿಲೇ. ರಿಲೇಯೊಳಗಿನ ಕಾಯಿಲ್ ಎಳೆಯುವ ಕರೆಂಟ್ ಕಾಲು ಆಂಪ್ಸ್ ಕೂಡ ಇರುವುದಿಲ್ಲ.

ಅಂಗಡಿಯಲ್ಲಿ 24 ವೋಲ್ಟ್ ರಿಲೇ ಅಂತ ಬಾಯಿಬಿಟ್ಟು ಕೇಳಿ. 12ರದ್ದು ಹಾಕಿದರೆ ಕಾಯಿಲ್ ಸುಡುತ್ತದೆ. ಐದು ಪಿನ್ನಿನದು ಕೊಟ್ಟರೆ ನಡುವಿನ 87ಎ ಪಿನ್ನಿಗೆ ಸ್ಲೀವ್ ಹಾಕಿ ಮುಚ್ಚಿ. ಲೈಟ್ ಆಫ್ ಇದ್ದಾಗ ಅದರಲ್ಲಿ ಬ್ಯಾಟರಿ ಪ್ಲಸ್ ಇರುತ್ತದೆ, ಬಾಡಿಗೆ ತಗುಲಿದರೆ ಶಾರ್ಟ್.

ಲಾರಿಯಲ್ಲಿ ಬ್ಯಾಟರಿ ದೂರ ಇರುವುದರಿಂದ ಮೇನ್ ವೈರ್ 4 ಸ್ಕ್ವೇರ್ ಎಂಎಂ ಇರಲಿ, ರಿಲೇಯಿಂದ ಬಲ್ಬಿಗೆ 2.5 ಸಾಕು. ತಾಮ್ರದ 2.5 ವೈರಿನ ತಡೆ ಮೀಟರಿಗೆ ಸುಮಾರು 7 ಮಿಲಿ ಓಮ್, 1 ಸ್ಕ್ವೇರಿನದು 17ರ ಮೇಲೆ. ವ್ಯತ್ಯಾಸ ನೀವೇ ನೋಡಿ. ಮೇನ್ ಫ್ಯೂಸ್ 20 ಆಂಪ್ಸ್, ಬ್ಯಾಟರಿಯ ಪಕ್ಕದಲ್ಲೇ, ಗೇಣು ದೂರದೊಳಗೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾರ ಕಾವಲೂ ಇಲ್ಲ, ಅದಕ್ಕೇ ಗಿಡ್ಡ ಇರಬೇಕು. 87 ಆದಮೇಲೆ ಎಡಕ್ಕೆ, ಬಲಕ್ಕೆ ಬೇರೆ ಬೇರೆ 10 ಆಂಪ್ಸ್ ಫ್ಯೂಸ್ ಹಾಕಿ. ಒಂದು ಕಡೆ ಶಾರ್ಟ್ ಆದರೂ ಇನ್ನೊಂದು ಲೈಟ್ ಉರಿಯುತ್ತಿರುತ್ತದೆ. ಘಾಟಿನ ತಿರುವಿನಲ್ಲಿ ಎರಡೂ ಒಟ್ಟಿಗೆ ಆರುವುದು ಬೇಡ.

ಅರ್ತ್ ಮರೆಯಬೇಡಿ. ಎಲ್ಲರೂ ಪ್ಲಸ್ ಹಿಂದೆ ಬೀಳುತ್ತಾರೆ. ನಿಮ್ಮದು 1.1 ವೋಲ್ಟ್ ಅಲ್ಲೇ ಹೋಗುತ್ತಿದೆ, ಅಲ್ವಾ? ಪ್ರತಿ ಬಲ್ಬಿಗೂ 2.5ರ ಅರ್ತ್ ವೈರ್ ಹೊಸದಾಗಿ ಎಳೆದು, ಚಾಸಿಯ ಮೇಲೆ ಪೇಂಟ್ ಕೆರೆದು, ವೈರಿನ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ. ವೈರ್ ತಿರುಚಿ ಟೇಪ್ ಸುತ್ತುವವರ ಕೈಗೆ ಈ ಕೆಲಸ ಕೊಡಲೇಬೇಡಿ.

ಬಿಳಿಕ್ಯಾಬಿನ್:
ನನ್ನದು ಹೊಸ ಮಾಡೆಲ್, ಲೈಟ್ ನಡೆಸುವುದು ಕಂಟ್ರೋಲ್ ಯೂನಿಟ್. ನಾನೂ ಹೀಗೇ ಮಾಡಬಹುದಾ? ಜೊತೆಗೆ ಒಂದು 12 ವೋಲ್ಟಿನ ಲೈಟ್ ಬಾರ್ ಇದೆ. ಲಾರಿಯ ಎರಡು 12 ವೋಲ್ಟ್ ಬ್ಯಾಟರಿಯಲ್ಲಿ ಒಂದರಿಂದ ಲೈನ್ ತೆಗೆದರೆ ಸಾಕು ಅಂತಾರೆ.

ಅರ್ತಿಂಗ್_ಅಣ್ಣ:
ಎರಡಕ್ಕೂ ಬೇಡ ಅಂತಲೇ ಹೇಳುತ್ತೇನೆ. ಕೆಲವು ಯೂನಿಟ್‌ಗಳು ಬಲ್ಬಿಗೆ ಕರೆಂಟನ್ನು ಕ್ಷಣಕ್ಷಣಕ್ಕೂ ಬಿಟ್ಟು ಬಿಟ್ಟು ಕೊಡುತ್ತವೆ. ಮಧ್ಯೆ ಸಾದಾ ರಿಲೇ ಇಟ್ಟರೆ ಟಕಟಕ ಅಂತ ಬಡಿದುಕೊಂಡು ಹಾಳಾಗುತ್ತದೆ. ಬಲ್ಬ್ ಹೋಗಿದೆ ಅಂತ ವಾರ್ನಿಂಗ್ ಕೂಡ ಬರಬಹುದು. ಆ ಮಾಡೆಲಿನ ವೈರಿಂಗ್ ಡಯಾಗ್ರಾಂ ನೋಡದೆ ಕೈ ಹಾಕಬೇಡಿ.

ಒಂದೇ ಬ್ಯಾಟರಿಯಿಂದ ಲೈನ್ ತೆಗೆದರೆ ಅದು ಇಳಿಯುತ್ತಾ ಹೋಗುತ್ತದೆ, ಜೊತೆಯದು ಓವರ್‌ಚಾರ್ಜ್ ಆಗುತ್ತದೆ. ಕೊನೆಗೆ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಇಲ್ಲವೇ 24ಕ್ಕೂ ನಡೆಯುವ ಬಾರ್ ತೆಗೆದುಕೊಳ್ಳಿ.

ಹತ್ತುಚಕ್ರ:
ಕೆಲಸ ಆಯ್ತು. ಹಳೆಯ 75/70 ಬಲ್ಬೇ. ಈಗ ಬಲ್ಬಿನ ಹತ್ತಿರ 27.1 ವೋಲ್ಟ್ ಬರುತ್ತಿದೆ. ಸ್ವಿಚ್ ತಣ್ಣಗಿದೆ, ಬೆಳಕು ಬೆಳ್ಳಗಾಗಿದೆ. ನಿಜ ಹೇಳಬೇಕೆಂದರೆ ಇಷ್ಟು ಬದಲಾಗುತ್ತದೆ ಅಂದುಕೊಂಡಿರಲಿಲ್ಲ. ಇನ್ನು 100/90 ಹಾಕಲಾ?

ಅರ್ತಿಂಗ್_ಅಣ್ಣ:
ಆಸೆ ನೋಡಿ! ಬೇಡ. ಈ ವೈರಿಂಗ್ ತಡೆಯುತ್ತದೆ, ಆದರೆ ರಿಫ್ಲೆಕ್ಟರ್ ಪ್ಲಾಸ್ಟಿಕ್ಕಿನದಾಗಿದ್ದರೆ ಆ ಬಿಸಿಗೆ ಮೈ ಬಿಡುತ್ತದೆ. ಎಷ್ಟೋ ದೇಶಗಳಲ್ಲಿ ಅದು ರಸ್ತೆಗೆ ಒಪ್ಪಿಗೆ ಇರುವ ಬಲ್ಬೂ ಅಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ವೋಲ್ಟೇಜ್ ಪೂರ್ತಿ ಸಿಗುವುದರಿಂದ ಬಲ್ಬುಗಳು ಮೊದಲಿಗಿಂತ ಬೇಗ ಹೋಗುತ್ತವೆ. ಕ್ಯಾಬಿನ್ನಿನಲ್ಲಿ ಒಂದು ಜೊತೆ ಇಟ್ಟುಕೊಂಡಿರಿ.

ಲೈಟ್ ಅಡ್ಜಸ್ಟ್ ಮಾಡಿಸಿದ್ರಾ? ಲೋಡ್ ಇರುವಾಗ ಹಿಂದೆ ಕುಸಿದು ಮೂತಿ ಮೇಲೆ ಏಳುತ್ತದೆ, ಆಗ ನೋಡಬೇಕು. ಮಟ್ಟದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಡಿಪ್ಪಿನ ಮೇಲಂಚು ಲ್ಯಾಂಪಿನ ಎತ್ತರಕ್ಕಿಂತ ಕಡಿಮೆಯೆಂದರೂ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಬೆಳಕು ಎಷ್ಟು ಇಳಿಯಬೇಕೆಂದು ಲ್ಯಾಂಪಿನ ಮೇಲೆ ಪರ್ಸೆಂಟ್ ಬರೆದಿದ್ದರೆ ಅದೇ ಲೆಕ್ಕ ಹಿಡಿಯಿರಿ. ಅಂದಹಾಗೆ, ಬಲಗಡೆಯ ಕಂದಿದ ಹೋಲ್ಡರ್ ಬದಲಾಯಿಸಿದ್ರೋ, ಅದನ್ನೇ ಸಿಕ್ಕಿಸಿದ್ರೋ?

ಹತ್ತುಚಕ್ರ:
ಸೆರಾಮಿಕ್ ಹೋಲ್ಡರ್ ಹಾಕಿಸಿದೆ, ಎರಡೂ ಕಡೆ. ಲೈಟ್ ನಾಳೆ ಲೋಡ್ ಆದಮೇಲೆ ನೋಡುತ್ತೇನೆ.